ಈ ಕಡೆ ತಿರುಗಿ ಹೇಳಿ

ಜೂನ್ 21

ಪ್ರೀತಿಯ ಅಕ್ಕ,

ನಿನ್ನ ಮಗಳು ಚೆನ್ನಾಗಿದ್ದಾಳೆ. ಹೊಟ್ಟೆ ತುಂಬ ಉಣ್ಣುತ್ತಾಳೆ, ಹಾಸಿಗೆ ತಾನೇ ಮಡಿಸುತ್ತಾಳೆ. ಐದನೇ ಕ್ಲಾಸಿನ ಪುಸ್ತಕಗಳಿಗೆಲ್ಲ ನಾನು ಅಳತೆ ಕತ್ತರಿಸುವ ಕಂದು ಕಾಗದದ ರಟ್ಟು ಹಾಕಿಕೊಂಡಿದ್ದಾಳೆ, ಒಂದು ಮೂಲೆಯೂ ಸುಕ್ಕಾಗಿಲ್ಲ. ಮಗ್ಗದ ಮನೆಯಲ್ಲಿ ಕಂಡಿಕೆಗೆ ನೂಲು ಸುತ್ತಿ ಬೆಳೆದ ಕೈ ಅಲ್ಲವೇ, ನನ್ನ ಹೊಲಿಗೆ ಮೆಷಿನ್ನಿನ ಬಾಬಿನ್ನಿಗೆ ದಾರ ಸುತ್ತುವುದನ್ನು ಒಂದೇ ಸಲಕ್ಕೆ ಕಲಿತಳು. ಅಂಗಡಿಗೆ ಬರುವವರೆಲ್ಲ "ಲಾಳಿ ಅಂತ ಯಾಕೆ ಕರೀತೀರಿ?" ಎಂದು ಕೇಳುತ್ತಾರೆ. ಮಗ್ಗದ ನಡುವೆ ಲಾಳಿಯ ಹಾಗೇ ಅತ್ತಿಂದಿತ್ತ ಓಡಾಡುತ್ತಿದ್ದವಳು ಎಂದು ಹೇಳಿ ಹೇಳಿ ನನಗೆ ಸಾಕಾಗಿದೆ.

ಹೊಗಳಿದ್ದಾಯಿತು. ಇನ್ನು ಬೈಗುಳಕ್ಕೆ ಬರುತ್ತೇನೆ.

ಅಕ್ಕ, ಇವಳನ್ನು ಎಷ್ಟು ಮುದ್ದು ಮಾಡಿ ಕೆಡಿಸಿದ್ದೀಯ! ಕರೆದರೆ ಓ ಎನ್ನುವುದಿಲ್ಲ. ನಿನ್ನೆ ಸಂಜೆ ಒಂದು ರವಿಕೆಗೆ ಗುಂಡುಸೂಜಿ ಚುಚ್ಚುತ್ತ ನಿಂತಿದ್ದೆ. ಇವಳು ಕಿಟಕಿಯ ಹತ್ತಿರ ಕಥೆಪುಸ್ತಕ ಹಿಡಿದು ಕೂತಿದ್ದಳು. "ಲಾಳೀ, ಆ ಇಂಚುಪಟ್ಟಿ ಕೊಡು" ಅಂದೆ. ಇಲ್ಲ. ಮತ್ತೆ ಅಂದೆ. ಇಲ್ಲ. ಅಳತೆ ಕೊಡಲು ಬಂದಿದ್ದಾಕೆ "ನಿಮ್ಮ ಅಕ್ಕನ ಮಗಳಿಗೆ ಜಾಣಕಿವುಡು ಕಣ್ರೀ" ಎಂದು ನಕ್ಕರು. ನನಗೆ ಅವಮಾನವಾಯಿತು. ಹೋಗಿ ಭುಜ ತಟ್ಟಿದರೆ ತಲೆಯೆತ್ತಿ, ಏನೂ ಆಗಿಯೇ ಇಲ್ಲವೆಂಬಂತೆ, "ಏನು ಚಿಕ್ಕಮ್ಮ? ಈ ಕಡೆ ತಿರುಗಿ ಹೇಳಿ" ಅನ್ನುತ್ತಾಳೆ. ನಾನು ಇವಳ ಕಡೆಗೆ ತಿರುಗಬೇಕಂತೆ, ಮಹಾರಾಣಿ!

ನಿಮ್ಮೂರ ಶಾಲೆ ನಾಲ್ಕನೆಯದಕ್ಕೇ ಮುಗಿಯುತ್ತದೆಂದು ನಾನೇ ಹಟ ಹಿಡಿದು ಕರೆಸಿಕೊಂಡವಳು, ದೂರು ಹೇಳಬಾರದು. ಆದರೂ ನೀನು ಒಂದು ಮಾತು ಗದರಿಸಿ ಬರಿ. ಫೋನಿನಲ್ಲಿ ಹೇಳೋಣವೆಂದರೆ ನೀನು ಸದಾ ಶೆಡ್ಡಿನಲ್ಲಿರುತ್ತೀಯ, "ಏನೂ? ಏನೂ?" ಎಂದು ಅರಚುವುದರಲ್ಲೇ ಹೊತ್ತು ಹೋಗುತ್ತದೆ. ಇವಳೋ ಫೋನು ಕೊಟ್ಟರೆ ಎಲ್ಲಕ್ಕೂ "ಹೂಂ" ಅಂದು ವಾಪಸ್ ಕೊಡುತ್ತಾಳೆ. ಅದಕ್ಕೇ ಕಾಗದ.

ಇತಿ,
ನಿನ್ನ ತಂಗಿ

ಜುಲೈ 3

ತಂಗೀ,

ಕಾಗದ ಓದಿದೆ. ಎರಡು ಸಲ ಓದಿದೆ, ನೀನು ನಿಜವಾಗಿ ನನ್ನ ಮಗಳ ವಿಷಯವನ್ನೇ ಬರೆದಿದ್ದೀಯ ಅಂತ ನಂಬೋದಕ್ಕೆ.

ಹೆತ್ತವರಿಗೆ ಹೆಗ್ಗಣ ಮುದ್ದು ಅಂತ ನೀನು ಮನಸ್ಸಿನಲ್ಲಿ ಅಂದುಕೊಂಡಿರ್ತೀಯ, ಅಂದುಕೋ. ಆದರೆ ಈ ಮನೆಯಲ್ಲಿ ಅವಳನ್ನ ಎರಡನೇ ಸಲ ಕರೆದ ನೆನಪು ನನಗಿಲ್ಲ. ನಮ್ಮ ಶೆಡ್ಡು ನೀನು ನೋಡಿದ್ದೀಯಲ್ಲ. ಹನ್ನೆರಡು ಮಗ್ಗ ಒಟ್ಟಿಗೆ ಬಡೀತಾ ಇರುತ್ತೆ. ನಾನು ಈ ಮೂಲೆಯಲ್ಲಿ, ಅವಳು ಆ ಮೂಲೆಯಲ್ಲಿ. ನನ್ನ ಮಗ್ಗದಲ್ಲಿ ನೂಲು ಕಡಿದರೆ ತಲೆ ಎತ್ತಿ "ಬಿಳೀ ಕಂಡಿಕೆ ತಾ" ಅಂತ ಬಾಯಾಡಿಸಿದರೆ ಸಾಕು, ತಂದು ಕೈಗೆ ಇಡ್ತಾಳೆ. ಪಕ್ಕದ ಮಗ್ಗದವಳಿಗೆ ನನ್ನ ಮಾತು ಕೇಳಿಸೋಲ್ಲ, ನಿನ್ನ ಭಾವನಿಗೆ ಕೇಳಿಸೋಲ್ಲ, ಅವಳಿಗೆ ಕೇಳಿಸುತ್ತೆ! ಮಗ್ಗ ರಿಪೇರಿ ಮಾಡೋನು ತಮಾಷೆ ಮಾಡ್ತಾನೆ: "ಅಕ್ಕಾ, ಇವಳ ಮುಂದೆ ಮನಸ್ಸಿನಲ್ಲೂ ಬೈಕೋಬೇಡಿ, ಕೇಳಿಸ್ಕೊಂಡುಬಿಡ್ತಾಳೆ." ಇಡೀ ಶೆಡ್ಡಿನಲ್ಲಿ ಅವಳಷ್ಟು ಚುರುಕು ಕಿವಿ ಇನ್ನೊಬ್ಬರಿಗಿಲ್ಲ. ಅಂಥ ಮಗು ನಿನ್ನ ಮೂರು ಮೆಷಿನ್ನಿನ ಅಂಗಡಿಗೆ ಬಂದು ಕಿವುಡಾಯಿತಾ?

ನಾಲ್ಕು ವರ್ಷ ಇಲ್ಲಿ ಮೇಷ್ಟ್ರ ಮಗ್ಗುಲಲ್ಲಿ ಕೂತು ಓದಿದಳು. ಹತ್ತು ಮಕ್ಕಳ ಶಾಲೆ, ಒಂದೇ ಕೋಣೆ. ಅವರು ಒಂದು ದಿನ ದೂರು ಹೇಳಲಿಲ್ಲ. ತುಸು ತೊದಲ್ತಾಳೆ, ಅದು ಮುದ್ದಿನ ಮಾತು, ದೊಡ್ಡವಳಾದರೆ ಸರಿಹೋಗುತ್ತೆ ಅಂದರು, ಅಷ್ಟೆ.

ಮಗು ಓ ಅನ್ನದಿದ್ದರೆ ಕರೆಯೋರ ದನಿಯಲ್ಲಿ ಏನೋ ಕೊರತೆ ಇದೆ ಅಂತ ಅರ್ಥ. ಮಕ್ಕಳನ್ನ ಸಾಕಿದ್ದರೆ ನಿನಗೆ ಗೊತ್ತಿರುತ್ತಿತ್ತು.

ಅಕ್ಕ

ಜುಲೈ 19

ಅಮ್ಮನಿಗೆ ಲಾಳಿ ಮಾಡುವ ನಮಸ್ಕಾರ.

ನಾನು ಚೆನ್ನಾಗಿದ್ದೇನೆ. ಚಿಕ್ಕಮ್ಮ ನಿನ್ನ ಕಾಗದ ಓದಿ ಮಡಿಸಿ ಮೆಷಿನ್ನಿನ ಕೆಳಗೆ ಇಟ್ಟುಬಿಟ್ಟರು. ಆಮೇಲೆ ನನಗೆ ಹೊಸ ಲಂಗ ಹೊಲಿದುಕೊಟ್ಟರು.

ಇಲ್ಲಿಯ ಶಾಲೆ ದೊಡ್ಡದು. ಇಲ್ಲಿಯ ಜನ ಮಾತಾಡುವಾಗ ಬಾಯಿ ತೆರೆಯುವುದಿಲ್ಲ, ಜಿಪುಣರು. ನಮ್ಮ ಕ್ಲಾಸ್ ಟೀಚರ್ ಬೋರ್ಡಿನ ಜೊತೆ ಮಾತಾಡುತ್ತಾರೆ. ಉಕ್ತಲೇಖನ ಕೊಡುವಾಗ ಪುಸ್ತಕ ಹಿಡಿದು ಬೆಂಚುಗಳ ನಡುವೆ ಓಡಾಡುತ್ತಾರೆ. ನನ್ನ ಮುಂದೆ ಬಂದಾಗ ಎರಡು ಮಾತು ಸಿಗುತ್ತದೆ. ಅವರು ಹಿಂದಕ್ಕೆ ಹೋದರೂ ಉಳಿದವರೆಲ್ಲ ಬರೆಯುತ್ತಲೇ ಇರುತ್ತಾರೆ. ಅವರಿಗೆ ಹೇಗೆ ಗೊತ್ತಾಗುತ್ತದೋ! ಮನೆಯಲ್ಲೇ ಬಾಯಿಪಾಠ ಮಾಡಿಕೊಂಡು ಬಂದಿರುತ್ತಾರೆ ಅನ್ನಿಸುತ್ತದೆ. ಯಾವ ಪಾಠ ಅಂತ ನನಗೆ ಯಾರೂ ಹೇಳುವುದಿಲ್ಲ.

ಅದಕ್ಕೆ ನಾನು ಪಕ್ಕದವಳ ಪುಸ್ತಕ ನೋಡಿ ಬರೆದೆ. ಟೀಚರ್ ಕಳ್ಳಿ ಅಂದರು. ನಾನು ಉತ್ತರ ಕೊಡಲಿಲ್ಲವಂತೆ, ಅದಕ್ಕೆ ಉದ್ಧಟೆ ಅಂತಲೂ ಅಂದರು. ಅವರು ಏನು ಕೇಳಿದರು ಅಂತ ಗೊತ್ತಿದ್ದರೆ ಹೇಳುತ್ತಿದ್ದೆ. ಈಗ ಆ ಪೀರಿಯಡ್ಡಿಗೆ ನಾನು ಹೊರಗೆ ನಿಲ್ಲಬೇಕು. ಹೊರಗೆ ನಿಲ್ಲುವುದು ಚೆನ್ನಾಗಿರುತ್ತದೆ ಅಮ್ಮ. ಅಲ್ಲಿ ಏನೂ ತಪ್ಪಾಗುವುದಿಲ್ಲ.

ಚಿಕ್ಕಮ್ಮನಿಗೆ ಹೇಳಿಲ್ಲ. ನೀನೂ ಹೇಳಬೇಡ.

ಇತಿ ನಿನ್ನ ಮಗಳು,
ಲಾಳಿ

ಜುಲೈ 27

ತಂಗೀ,

ನನ್ನ ಮಗಳನ್ನ ದಿನಾ ಕ್ಲಾಸಿನ ಹೊರಗೆ ನಿಲ್ಲಿಸ್ತಾ ಇದ್ದಾರೆ. ನಿನಗೆ ಗೊತ್ತಾ? ಗೊತ್ತಿಲ್ಲದಿದ್ದರೆ ನಾಚಿಕೆ. ಗೊತ್ತಿದ್ದರೆ ಇನ್ನೂ ನಾಚಿಕೆ.

ಆ ಟೀಚರ್ ಹತ್ತಿರ ಹೋಗಿ ಕೇಳು, ಯಾವ ಕಾರಣಕ್ಕೆ ಅಂತ. ನೀನು ಕೇಳದಿದ್ದರೆ ನಾನು ಬಂದು ಕೇಳ್ತೀನಿ, ಆಮೇಲೆ ನಿನ್ನ ಮರ್ಯಾದೆ ಪ್ರಶ್ನೆ ಬಂದರೆ ನನ್ನ ಹೊಣೆಯಲ್ಲ. ಹಾಗೇ ಅವಳ ಬಟ್ಟೆಬರೆನೂ ಕಟ್ಟಿಸಿಕೊಂಡು ಬರ್ತೀನಿ.

ಅಕ್ಕ

ಆಗಸ್ಟ್ 30

ಅಕ್ಕ,

ಒಂದು ತಿಂಗಳು ಉತ್ತರ ಬರೆಯಲಿಲ್ಲ. ಬರೆಯುವುದಕ್ಕೆ ಮುಂಚೆ ನನಗೆ ಖಾತ್ರಿಯಾಗಬೇಕಿತ್ತು. ಈಗಲೂ ಪೂರ್ತಿ ಆಗಿಲ್ಲ. ಆದರೆ ಇನ್ನು ಸುಮ್ಮನಿರುವುದು ಪಾಪ. ದಯವಿಟ್ಟು ಕೂತು ಓದು.

ಶಾಲೆಗೆ ಹೋದೆ. ಟೀಚರ್ ಸ್ಟಾಫ್ ರೂಮಿನ ಬಾಗಿಲಲ್ಲೇ ನಿಲ್ಲಿಸಿ ಮಾತಾಡಿದರು. "ನಿಮ್ಮ ಹುಡುಗಿಗೆ ಪಾಠ ಹೇಳೋದು ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗೆ. ಬೇಕಾದ್ದು ಮಾತ್ರ ಕೇಳಿಸುತ್ತೆ."

"ಬೇಕಾದ್ದು ಅಂದರೆ?"

"ಮನೆಗೆ ಹೋಗೋ ಬೆಲ್ ಹೊಡೆದರೆ ತಕ್ಷಣ ಬ್ಯಾಗ್ ಎತ್ತುತ್ತಾಳೆ. ಪ್ರಶ್ನೆ ಕೇಳಿದರೆ ಮಾತ್ರ ಕಿವಿ ಮಾಯ. ಪಕ್ಕಾ ಜಾಣಕಿವುಡು. ಮನೆಯಲ್ಲಿ ಹೇಳೋರು ಕೇಳೋರು ಇಲ್ಲ ಅನ್ಸುತ್ತೆ."

ನಾನೂ ಅದೇ ಪದ ಬರೆದಿದ್ದೆ ನಿನಗೆ. ಇನ್ನೊಬ್ಬರ ಬಾಯಲ್ಲಿ ಕೇಳಿದಾಗ ಅದು ಎಷ್ಟು ಹೊಲಸಾಗಿ ಕೇಳಿಸಿತು! ನಮ್ಮ ಮಾತಿನಲ್ಲಿ ಕೇಳಿಸದವರಿಗೆ ಎಷ್ಟೊಂದು ಹೆಸರುಗಳಿವೆ ಅಕ್ಕ. ಮೊಂಡ, ಮಂದ, ಉದ್ಧಟ, ಹಗಲುಗನಸಿನವಳು, ಮಾತು ಕಿವಿಮೇಲೆ ಹಾಕಿಕೊಳ್ಳದವಳು. ಕಿವುಡೇ ಸುಳ್ಳು ಎನ್ನುವುದಕ್ಕೂ ಒಂದು ಪದ ಮಾಡಿಟ್ಟಿದ್ದೇವೆ. ಹೀಗೆ ಒಂದೊಂದು ಹೆಸರಿಟ್ಟ ಕೂಡಲೇ ನೋಡುವ ಕೆಲಸ ಮುಗಿಯಿತು.

ಶಾಲೆಯಿಂದ ಬಂದವಳು ಕೆಲಸಕ್ಕೆ ಕೂತೆ. ತುಟಿಯಲ್ಲಿ ಗುಂಡುಸೂಜಿಗಳಿದ್ದವು. ಕೆಲಸ ಮಾಡುವಾಗ ನನ್ನ ಬಾಯಲ್ಲಿ ಯಾವಾಗಲೂ ಇರುತ್ತವೆ, ಹಲ್ಲು ಕಚ್ಚಿಕೊಂಡೇ ಮಾತಾಡುವುದು ಅಭ್ಯಾಸವಾಗಿದೆ. ಲಾಳಿ ಎದುರಿಗೇ ಇದ್ದಳು. "ಕತ್ತರಿ ಕೊಡು" ಅಂದೆ. ಅವಳು ನನ್ನ ಬಾಯನ್ನೇ ನೋಡುತ್ತ ನಿಂತಳು. ಹುಬ್ಬು ಗಂಟಾಯಿತು. ಸೂಜಿಗಳನ್ನು ತೆಗೆದು, ದನಿ ಎತ್ತರಿಸದೆ, ಅದೇ ಮಾತು ಅಂದೆ. ಕತ್ತರಿ ಬಂತು.

ಆಮೇಲೆ ಒಂದು ವಾರ ಬೇರೇನೂ ಮಾಡದೆ ಅವಳನ್ನೇ ಗಮನಿಸಿದೆ. ಸೂಜಿ ಇದ್ದರೆ ತಿಳಿಯುವುದಿಲ್ಲ. ಬೆನ್ನ ಹಿಂದೆ ನಿಂತರೆ ತಿಳಿಯುವುದಿಲ್ಲ. ಬಾಗಿಲು ಬಡಿದರೆ ತಿರುಗುತ್ತಾಳೆ, ಮೆಲ್ಲಗೆ ಹೆಸರು ಹಿಡಿದು ಕರೆದರೆ ಇಲ್ಲ. ಅಂಗಡಿಯಲ್ಲಿ ನಾಲ್ಕು ಜನ ಮಾತಾಡುತ್ತಿದ್ದರೆ ಅವಳ ಮುಖ ಒಬ್ಬರಿಂದ ಒಬ್ಬರಿಗೆ ತಿರುಗುತ್ತಲೇ ಇರುತ್ತದೆ, ಎಲ್ಲರೂ ನಕ್ಕಾದ ಮೇಲೆ ತಾನೂ ನಗುತ್ತಾಳೆ. ಸಂಜೆಯಾಗುವಷ್ಟರಲ್ಲಿ ದಣಿದು ಬಿದ್ದಿರುತ್ತಾಳೆ. ನಾನು ಅದನ್ನು ಸೋಮಾರಿತನ ಅಂದುಕೊಂಡಿದ್ದೆ.

ನಮ್ಮ ಬೀದಿಯ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಹಿಂದೆ ನಿಂತು ಟಪ್ಪನೆ ಚಪ್ಪಾಳೆ ತಟ್ಟಿದರು. ತಿರುಗಿದಳು.

"ನೋಡಿ, ಕೇಳಿಸುತ್ತೆ. ಟೀವಿ ಕಡಿಮೆ ಮಾಡಿಸಿ."

"ನಮ್ಮ ಮನೇಲಿ ಟೀವಿ ಇಲ್ಲ ಡಾಕ್ಟ್ರೆ."

"ಹಾಗಾದರೆ ಮುದ್ದು ಕಡಿಮೆ ಮಾಡಿ."

ಪಟಾಕಿಯಂಥ ಚಪ್ಪಾಳೆ! ಮನುಷ್ಯರು ಮಾತಾಡುವುದು ಚಪ್ಪಾಳೆಯಲ್ಲೇನು?

ಅಕ್ಕ, ನಿನ್ನನ್ನು ಒಂದೇ ಒಂದು ಕೇಳುತ್ತೇನೆ, ಸಿಟ್ಟಾಗಬೇಡ. ಹನ್ನೆರಡು ಮಗ್ಗ ಬಡಿಯುವ ಶೆಡ್ಡಿನಲ್ಲಿ, ಆ ಮೂಲೆಯ ಮಾತು ಈ ಮೂಲೆಗೆ ಯಾರ ಕಿವಿಗಾದರೂ ಕೇಳಿಸುತ್ತದೆಯೇ? ನಿನಗೆ ಕೇಳಿಸುತ್ತದೆಯೇ? ಪಕ್ಕದವಳಿಗೇ ಕೇಳಿಸದ ಮಾತು ಅವಳಿಗೆ ಕೇಳಿಸಿತೆಂದು ನೀನು ಬರೆದೆ. ಅವಳಿಗೆ ಕೇಳಿಸಲಿಲ್ಲ. ಅವಳು ನೋಡಿದಳು. ನೀವು ಮಗ್ಗದ ಜನ ಎಲ್ಲರೂ ಮುಖಕ್ಕೆ ಮುಖ ಕೊಟ್ಟು, ಬಾಯಿ ಅಗಲಿಸಿ, ಕೈ ಬೀಸಿ, ಭುಜ ಮುಟ್ಟಿ ಮಾತಾಡುತ್ತೀರಿ. ಊಟಕ್ಕೆ ಕೂತರೂ ಹಾಗೆಯೇ. ನಿಮ್ಮ ಮನೆಯಲ್ಲಿ ಯಾರಿಗೂ ಕಿವಿಯ ಅಗತ್ಯವಿಲ್ಲ. ಅದಕ್ಕೇ ಅವಳಿಗೆ ಇಲ್ಲವೆಂಬುದು ಯಾರಿಗೂ ಕಾಣಿಸಲಿಲ್ಲ.

ದೊಡ್ಡಾಸ್ಪತ್ರೆಯಲ್ಲಿ ಕಿವಿಯ ಪರೀಕ್ಷೆ ಮಾಡುತ್ತಾರೆ. ಹುಟ್ಟಿದಾಗಿನ ವಿಷಯವೆಲ್ಲ ಕೇಳಬೇಕು, ತಾಯಿ ಬರಲಿ ಅಂದಿದ್ದಾರೆ. ಬಾ.

ನಿನ್ನ ತಂಗಿ

ಸೆಪ್ಟೆಂಬರ್ 12

ತಂಗೀ,

ನನ್ನ ಮಗಳಿಗೆ ಕಿವುಡಿ ಅಂತ ಹೆಸರಿಡೋ ಅಧಿಕಾರ ನಿನಗೆ ಯಾರು ಕೊಟ್ಟರು?

ಮಾತಾಡೋ ಮಗು ಕಣೇ ಅದು! ಹಾಡ್ತಾಳೆ, ಜಗಳ ಆಡ್ತಾಳೆ, ಅಪ್ಪನ್ನ ಅಣಕಿಸ್ತಾಳೆ. ಕಿವುಡರು ಮಾತಾಡ್ತಾರಾ? ಡಾಕ್ಟ್ರೇ ಕೇಳಿಸುತ್ತೆ ಅಂದರೂ ನಿನಗೆ ಸಮಾಧಾನ ಇಲ್ಲ. ನಿನ್ನ ಬಾಯಲ್ಲಿರೋ ಸೂಜಿ ದೊಡ್ಡದಾ, ಡಾಕ್ಟ್ರ ಓದು ದೊಡ್ಡದಾ?

ನಾಳೆ ಒಂದು ಯಂತ್ರ ಕಿವಿಗೆ ಸಿಕ್ಕಿಸಿಕೊಂಡು ಬೀದಿಯಲ್ಲಿ ಹೋದರೆ ಜನ ಏನಂತಾರೆ ಅಂತ ನಾನು ಹೇಳ್ತಿಲ್ಲ. ಜನ ಹಾಳಾಗಲಿ. ಅವಳು ಏನು ಅಂದ್ಕೋತಾಳೆ? ಇಲ್ಲಿ ಇರೋವಾಗ ಅವಳಿಗೆ ಏನೂ ಕೊರತೆ ಇರಲಿಲ್ಲ. ನೀನು ಬರೆದಿದ್ದು ನಿಜವೇ ಆದರೂ, ಆಗಲಿ, ನಿಜವೇ ಅಂತಿಟ್ಟುಕೋ, ಹಾಗಾದರೆ ಅವಳ ಜಾಗ ಇದೇ ಅಲ್ವಾ? ಇಲ್ಲಿ ಯಾರೂ ಅವಳನ್ನ ಹೊರಗೆ ನಿಲ್ಲಿಸೋಲ್ಲ. ಇಲ್ಲಿ ಅವಳು ಎಲ್ಲರಿಗಿಂತ ಜಾಣೆ. ಇನ್ನು ನಾಲ್ಕು ವರ್ಷಕ್ಕೆ ಒಂದು ಮಗ್ಗ ಅವಳೇ ನಡೆಸ್ತಾಳೆ.

ಮುಂದಿನ ತಿಂಗಳು ನೇಯ್ಗೆ ಕೆಲಸ ಸ್ವಲ್ಪ ಕಡಿಮೆ ಆಗುತ್ತೆ. ಬಂದು ಕರಕೊಂಡು ಹೋಗ್ತೀನಿ. ಶಾಲೆ ಸಾಕು. ಟೀಸಿ ತೆಗೆಸಿಡು.

ಅಕ್ಕ

ಅಕ್ಟೋಬರ್ 1

ಅಕ್ಕ,

ಬಾ. ಬೇಡ ಅನ್ನುವುದಿಲ್ಲ, ನಿನ್ನ ಮಗಳು.

ಆದರೆ ಅವಳನ್ನು ಮಗ್ಗಕ್ಕೆ ಕೂರಿಸುವ ಮಾತನ್ನು ನಾನು ಒಪ್ಪುವುದಿಲ್ಲ. ಅವಳು ಜಾಣೆ ಎಂದು ನೀನೇ ಬರೆಯುತ್ತೀಯ, ಜಾಣತನಕ್ಕೆ ಸದ್ದಿನ ಶೆಡ್ಡೊಂದೇ ಗತಿ ಎಂದೂ ನೀನೇ ತೀರ್ಮಾನಿಸುತ್ತೀಯ. ಮೊನ್ನೆಯ ಪರೀಕ್ಷೆಯಲ್ಲಿ ಲೆಕ್ಕಕ್ಕೆ ಅವಳೇ ಕ್ಲಾಸಿಗೆ ಮೊದಲು. ಲೆಕ್ಕ ಬೋರ್ಡಿನ ಮೇಲಿರುತ್ತದೆ, ಬಾಯಲ್ಲಿ ಇರುವುದಿಲ್ಲ, ಅದಕ್ಕೆ. ಅದೇ ದಿನ ಉಕ್ತಲೇಖನದಲ್ಲಿ ಸೊನ್ನೆ. ಒಂದೇ ಮಗುವಿನ ಒಂದೇ ದಿನದ ಎರಡು ಹಾಳೆ ಮುಂದಿಟ್ಟುಕೊಂಡು ಆ ಟೀಚರಿಗೆ ಒಂದು ಪ್ರಶ್ನೆಯೂ ಹುಟ್ಟಲಿಲ್ಲವಲ್ಲ ಎಂದು ನಾನು ಕುದಿಯುತ್ತಿದ್ದೇನೆ. ನಿನಗೂ ಹುಟ್ಟದಿದ್ದರೆ ಇನ್ನು ಯಾರಿಗೆ ಹೇಳಲಿ?

ಒಂದು ಮಾತು ನಡೆಸಿಕೊಡು. ನೀನು ಬರುವ ದಿನ ನಾನು ಮೆಷಿನ್ನುಗಳನ್ನೆಲ್ಲ ನಿಲ್ಲಿಸಿರುತ್ತೇನೆ. ನೀನು ಬರುವುದು ಅವಳಿಗೆ ಹೇಳಿರುವುದಿಲ್ಲ. ಅವಳು ಕಿಟಕಿಯ ಕಡೆ ಮುಖ ಮಾಡಿ ಕೂತಿರುತ್ತಾಳೆ. ನೀನು ಹಿಂದೆ, ಬಾಗಿಲಲ್ಲಿ ನಿಂತು, ಚಪ್ಪಾಳೆ ತಟ್ಟದೆ, ನೆಲ ಗುದ್ದದೆ, ತಾಯಿ ಮಗಳನ್ನು ಹೇಗೆ ಮಾತಾಡಿಸುತ್ತಾಳೋ ಹಾಗೆ ಹೇಳು. ನಾಲ್ಕು ತಿಂಗಳಿಂದ ಅವಳು ಯಾವ ಮಾತಿಗೆ ಕಾಯುತ್ತಿದ್ದಾಳೋ ಅದನ್ನು ಹೇಳು.

ಅವಳು ತಿರುಗಿದರೆ ಕರೆದುಕೊಂಡು ಹೋಗು. ನಾನು ಇನ್ನು ಒಂದು ಅಕ್ಷರವೂ ಬರೆಯುವುದಿಲ್ಲ.

ನಿನ್ನ ತಂಗಿ

ನವೆಂಬರ್ 6

ಮುಖ್ಯೋಪಾಧ್ಯಾಯಿನಿಯವರಿಗೆ,

ನಾನು ನಿಮ್ಮ ಶಾಲೆಯ ಐದನೇ ತರಗತಿಯ ಹುಡುಗಿಯೊಬ್ಬಳ ತಾಯಿ. ಯಾವ ಹುಡುಗಿ ಎಂದು ಗೊತ್ತಾಗದಿದ್ದರೆ ಆ ತರಗತಿಯ ಬಾಗಿಲ ಹೊರಗೆ ನೋಡಿ, ಅಲ್ಲಿ ನಿಂತಿರುತ್ತಾಳೆ. ನಾನು ಮಗ್ಗ ನೇಯುವವಳು. ಹತ್ತನೆಯ ತರಗತಿಯವರೆಗೆ ಓದಿದ್ದೇನೆ. ಈ ಕಾಗದ ತಿದ್ದಿಕೊಡುತ್ತೇನೆ ಎಂದು ನನ್ನ ತಂಗಿ ಅಂದಳು, ಬೇಡ ಅಂದೆ. ತಪ್ಪುಗಳಿದ್ದರೆ ಇರಲಿ.

ಹೋದ ತಿಂಗಳು ನಾನು ಮಗಳನ್ನು ಶಾಲೆ ಬಿಡಿಸಿ ಕರೆದುಕೊಂಡು ಹೋಗಲು ಬಂದಿದ್ದೆ. ತಂಗಿಯ ಅಂಗಡಿಯಲ್ಲಿ ಮಗಳು ಕಿಟಕಿಯ ಹತ್ತಿರ ಕೂತು ಗುಂಡಿಯ ಕಾಜಾ ಹೊಲಿಯುತ್ತಿದ್ದಳು. ನಾನು ಹಿಂದೆ ನಿಂತು ಮಾತಾಡಿದೆ. ಏನು ಹೇಳಿದೆ ಎಂಬುದು ನಿಮಗೆ ಬೇಕಿಲ್ಲ. ಎಷ್ಟು ಸಲ ಹೇಳಿದೆ ಎಂಬುದೂ ಬೇಕಿಲ್ಲ. ಅವಳು ಹೊಲಿಯುತ್ತಲೇ ಇದ್ದಳು.

ಮಾರನೆಯ ದಿನ ದೊಡ್ಡಾಸ್ಪತ್ರೆಯಲ್ಲಿ ಪರೀಕ್ಷೆ ಮಾಡಿಸಿದೆವು. ಗಾಜಿನ ಕಿಟಕಿ ಇರುವ ಒಂದು ಸಣ್ಣ ಕೋಣೆಯಲ್ಲಿ ಅವಳನ್ನು ಕೂರಿಸಿ, ಕಿವಿಗೆ ಹೆಡ್‌ಫೋನ್ ಹಾಕಿ, ಸದ್ದು ಕೇಳಿದಾಗಲೆಲ್ಲ ಗುಂಡಿ ಒತ್ತು ಅಂದರು. ಹೊರಗೆ ನಮಗೆ ಯಂತ್ರದ ದೀಪ ಕಾಣುತ್ತಿತ್ತು. ದೀಪ ಹತ್ತುತ್ತಿತ್ತು, ಆರುತ್ತಿತ್ತು, ನನ್ನ ಮಗಳು ಬೆರಳನ್ನು ಗುಂಡಿಯ ಮೇಲೆ ಇಟ್ಟುಕೊಂಡು ಕಾಯುತ್ತಿದ್ದಳು. ಅಷ್ಟು ಶ್ರದ್ಧೆಯಿಂದ ಕಾಯುವ ಮಗುವನ್ನು ನೀವು ಅಂಕಪಟ್ಟಿಯಲ್ಲಿ ಗಮನವಿಲ್ಲದವಳು, ಉದ್ಧಟೆ ಎಂದು ಬರೆದಿದ್ದೀರಿ.

ಅವಳಿಗೆ ಎರಡೂ ಕಿವಿ ಅರ್ಧಕ್ಕಿಂತ ಹೆಚ್ಚು ಹೋಗಿವೆ. ದಪ್ಪ ಸದ್ದು ಕೇಳಿಸುತ್ತದೆ. ಬಾಗಿಲು, ಬೆಲ್ಲು, ಚಪ್ಪಾಳೆ. ಮಾತಿನೊಳಗಿನ ಸಣ್ಣ ಸದ್ದುಗಳು ಬೀಳುವುದೇ ಇಲ್ಲ. ಕೇಳಿಸದ ಅಕ್ಷರವನ್ನು ಅವಳು ಆಡುವುದೂ ಇಲ್ಲ, ಅದನ್ನು ನಾವು ತೊದಲು ಎಂದು ಮುದ್ದು ಮಾಡಿದೆವು, ನಿಮ್ಮ ತರಗತಿಯಲ್ಲಿ ಅಣಕಿಸಿದರು. ಹುಟ್ಟಿದಾಗಿನಿಂದ ಹೀಗೋ, ಎಳೆತನದಲ್ಲಿ ಬಂದ ಜ್ವರದಿಂದಲೋ, ಈಗ ಹೇಳಲಾಗದು ಅಂದರು. ಮಗ್ಗದ ಸದ್ದಿನಿಂದ ಮಾತ್ರ ಇನ್ನು ದೂರ ಇಡಿ ಅಂದರು. ನನ್ನ ಕಿವಿಯನ್ನೂ ನೋಡಿದರು. ಅದರ ವಿಷಯ ಇಲ್ಲಿ ಬೇಡ.

ಪರೀಕ್ಷೆ ಮಾಡಿದಾಕೆಯ ಜೊತೆ ನಾನು ಜಗಳ ತೆಗೆದೆ, ಕೇಳಿಸದ ಮಗು ಮಾತು ಹೇಗೆ ಕಲಿಯಿತು ಎಂದು. ಆಕೆ ಹೇಳಿದ್ದು ಇದು: "ನಿಮ್ಮ ಮುಖ ನೋಡಿ ಕಲಿತಳು. ಉಳಿದದ್ದನ್ನು ಊಹೆ ಮಾಡಿ ತುಂಬಿಕೊಂಡಳು. ದಿನವಿಡೀ ಅವಳು ಮಾಡುವ ಕೆಲಸ ನಮ್ಮಲ್ಲಿ ಯಾರೂ ಮಾಡುವುದಿಲ್ಲ."

ಅಮ್ಮಾ, ಇದನ್ನು ಕಾಣಬೇಕಾದವರು ಯಾರು? ಮನೆಯಲ್ಲಿ ನಾವು. ಶಾಲೆಯಲ್ಲಿ ನೀವು. ನನ್ನ ತಪ್ಪನ್ನು ನಾನು ನೋಡಿಕೊಳ್ಳುತ್ತೇನೆ, ಅದರಲ್ಲಿ ನಿಮಗೆ ಪಾಲು ಕೊಡುವುದಿಲ್ಲ. ನಿಮ್ಮದನ್ನು ನೀವು ನೋಡಿಕೊಳ್ಳಿ. ನಾವು ಸದ್ದಿನಲ್ಲಿ ಬದುಕುವವರು, ನಮ್ಮ ಕಣ್ಣಿಗೆ ಮಣ್ಣು ಬಿದ್ದಿತ್ತು. ನಿಮ್ಮ ತರಗತಿ ಸದ್ದಿಲ್ಲದ್ದು. ಅಲ್ಲಿ ಒಂದು ಮಗು ಮುಂದೆ ನಿಂತವರ ಮಾತಿಗೆ ಉತ್ತರ ಕೊಡುತ್ತದೆ, ಹಿಂದೆ ನಿಂತವರ ಮಾತಿಗೆ ಕೊಡುವುದಿಲ್ಲ. ಇಷ್ಟನ್ನು ಗಮನಿಸಲು ಯಾವ ಯಂತ್ರ ಬೇಕಿತ್ತು? ಅವಳು ಬಾಯಿಬಿಟ್ಟು ಹೇಳಿದ್ದಾಳೆ, "ಈ ಕಡೆ ತಿರುಗಿ ಹೇಳಿ" ಎಂದು. ಅದಕ್ಕೂ ಶಿಕ್ಷೆ ಕೊಟ್ಟಿದ್ದೀರಿ, ಎದುರು ಮಾತಾಡುತ್ತಾಳೆಂದು!

ನಾನು ಅವಳನ್ನು ಕರೆದುಕೊಂಡು ಹೋಗುತ್ತಿಲ್ಲ. ಅವಳು ನಿಮ್ಮ ಶಾಲೆಯಲ್ಲೇ ಓದುತ್ತಾಳೆ. ಮೊದಲ ಬೆಂಚಿನಲ್ಲಿ, ಬೆಳಕು ಟೀಚರ ಮುಖದ ಮೇಲೆ ಬೀಳುವ ಕಡೆ ಕೂರುತ್ತಾಳೆ. ಟೀಚರು ಮಾತಾಡುವಾಗ ಬೋರ್ಡಿಗೆ ಬೆನ್ನು ಕೊಡಲಿ, ಮಕ್ಕಳಿಗೆ ಕೊಡುವುದು ಬೇಡ. ಉಕ್ತಲೇಖನವನ್ನು ಒಂದು ಕಡೆ ನಿಂತು ಓದಲಿ. ಇದರಿಂದ ಯಾರ ಕಾಲೂ ಸವೆಯುವುದಿಲ್ಲ. ಇನ್ನು ಅಂಕಪಟ್ಟಿಯಲ್ಲಿ ಬರೆದ ಆ ಎರಡು ಪದಗಳನ್ನು ನಿಮ್ಮ ಕೈಯಿಂದಲೇ ಹೊಡೆದುಹಾಕಿ, ಪಕ್ಕದಲ್ಲಿ ಸಹಿ ಮಾಡಿ ಕೊಡಿ. ಬೇರೆ ಪಟ್ಟಿ ಬೇಡ. ಹೊಡೆದುಹಾಕಿದ್ದು ಕಾಣಬೇಕು.

ಇತಿ,
ವಿದ್ಯಾರ್ಥಿನಿಯ ತಾಯಿ

ಡಿಸೆಂಬರ್ 20

ಅಕ್ಕ,

ನಿನ್ನ ಕಾಗದಕ್ಕೆ ದೊಡ್ಡ ಮೇಡಂ ಉತ್ತರ ಬರೆದಿಲ್ಲ. ಅಂಕಪಟ್ಟಿ ಮಾತ್ರ ವಾಪಸ್ ಬಂದಿದೆ. ಎರಡೂ ಪದ ಹೊಡೆದುಹಾಕಿದೆ, ಸಹಿ ಇದೆ, ಕ್ಷಮೆ ಇಲ್ಲ. ಕ್ಲಾಸ್ ಟೀಚರು ಈಗ ಲಾಳಿಯ ಮುಂದೆ ನಿಂತು, ಊರಿಗೇ ಕೇಳುವಂತೆ, ಒಂದೊಂದೇ ಅಕ್ಷರ ಬಿಡಿಸಿ ಕಿರುಚುತ್ತಾರಂತೆ. "ಕಿರುಚಿದರೆ ನಿಮ್ಮ ಬಾಯಿ ಸೊಟ್ಟಗಾಗುತ್ತೆ, ತಿಳಿಯೋಲ್ಲ, ಸುಮ್ಮನೆ ಮಾತಾಡಿ" ಎಂದಳಂತೆ ಇವಳು. ಈ ಸಲ ಹೊರಗೆ ನಿಲ್ಲಿಸಲಿಲ್ಲ.

ಎರಡು ವಾರದ ಹಿಂದೆ ಕಿವಿಗೆ ಯಂತ್ರ ಬಂತು. ಕಿವಿಯ ಹಿಂದೆ ಕೂರುತ್ತದೆ, ಹುಣಿಸೆಬೀಜಕ್ಕಿಂತ ತುಸು ದೊಡ್ಡದು. ನಾನು ಏನೇನೋ ಕಲ್ಪಿಸಿಕೊಂಡಿದ್ದೆ. ಅವಳ ಮುಖ ಅರಳುತ್ತದೆ, ನಾನು ಅಳುತ್ತೇನೆ, ಹೀಗೆ. ಅರಳಲಿಲ್ಲ. ಮೆಷಿನ್ನು ತುಳಿದರೆ ಬೆಚ್ಚುತ್ತಾಳೆ. ನೀರು ಬಿಟ್ಟರೆ ಕಿವಿ ಮುಚ್ಚಿಕೊಳ್ಳುತ್ತಾಳೆ. ನಿಧಾನವಾಗಿ ರೂಢಿಯಾಗುತ್ತದೆ, ಇದು ಹೊಸ ಕಿವಿಯಲ್ಲ, ಆಸರೆ ಅಷ್ಟೆ, ಮುಖ ಕೊಟ್ಟು ಮಾತಾಡುವುದನ್ನು ಬಿಡಬೇಡಿ ಎಂದು ಆಸ್ಪತ್ರೆಯಾಕೆ ಹೇಳಿದ್ದಾರೆ.

ಆದರೆ ಸದ್ದಿನ ಕಾಟ ಅಲ್ಲ ಅವಳದು. ಮೂರು ದಿನದಿಂದ ನನ್ನ ಜೊತೆ ಮಾತು ಬಿಟ್ಟಿದ್ದಾಳೆ. ಏನೆಂದು ಕೇಳಿದರೆ ಹೇಳುವುದಿಲ್ಲ. ನಾವು ಅವಳು ಖುಷಿಪಡುತ್ತಾಳೆ ಎಂದುಕೊಂಡಿದ್ದೆವು, ಅವಳಿಗೆ ಸಿಟ್ಟು ಬಂದಿದೆ ಅಕ್ಕ. ನಿನಗೂ ನನಗೂ ಸೇರಿ ಬಂದದ್ದಕ್ಕಿಂತ ದೊಡ್ಡ ಸಿಟ್ಟು. ಅಮ್ಮನಿಗೆ ಬರೀತೀನಿ ಅಂತ ಮಾತ್ರ ಅಂದಿದ್ದಾಳೆ.

ನಿನ್ನ ತಂಗಿ

ಜನವರಿ 4

ಅಮ್ಮ,

ಈ ಕಾಗದ ನಿನಗೆ, ಅಪ್ಪನಿಗೆ, ಚಿಕ್ಕಮ್ಮನಿಗೆ, ಎಲ್ಲರಿಗೂ.

ನಾನು ಒಂದು ವಿಷಯ ಕಂಡುಹಿಡಿದೆ. ಹೋದ ತಿಂಗಳು ಒಂದು ದಿನ ನಾನು ಒಳಮನೆಯಲ್ಲಿದ್ದೆ. ಚಿಕ್ಕಮ್ಮ ಅಂಗಡಿಯಲ್ಲಿದ್ದರು. ನಡುವೆ ಗೋಡೆ. "ಲಾಳೀ" ಅಂತ ಬಂತು. ಮುಖ ಇರಲಿಲ್ಲ, ಬರೀ ಹೆಸರು ಬಂತು. ನಾನು ಹೆದರಿ ಹೊರಗೆ ಹೋಗಿ ನೋಡಿದೆ. ಚಿಕ್ಕಮ್ಮ ಆ ಕಡೆ ತಿರುಗಿಕೊಂಡೇ ಇನ್ನೊಂದು ಸಲ ಕರೆದರು. ನಿಮಗೆ ಯಾವಾಗಲೂ ಹೀಗೇನಾ ಅಂತ ಕೇಳಿದೆ. ಗೋಡೆಯ ಆಚೆಯಿಂದ? ಬೆನ್ನ ಹಿಂದಿನಿಂದ? ಕತ್ತಲಲ್ಲಿ? ಹೌದು ಪುಟ್ಟಾ, ಎಲ್ಲರಿಗೂ ಹೀಗೆ ಅಂದರು.

ನನಗೆ ಯಾಕೆ ಹೇಳಲಿಲ್ಲ?

ಸದ್ದು ನನಗೂ ಬರುತ್ತಿತ್ತು. ಆದರೆ ಮಾತು ಮುಖದಲ್ಲಿ ಇರುತ್ತದೆ ಅಂದುಕೊಂಡಿದ್ದೆ. ಎಲ್ಲರೂ ನನ್ನ ಹಾಗೆ ನೋಡಿಯೇ ತಿಳಿದುಕೊಳ್ಳುತ್ತಾರೆ, ಅವರಿಗೆ ಬೇಗ ಬರುತ್ತದೆ, ನನಗೆ ನಿಧಾನ ಅಂದುಕೊಂಡಿದ್ದೆ. ನಾನು ದಡ್ಡಿ ಅಂದುಕೊಂಡಿದ್ದೆ. ಕ್ಲಾಸಿನವರು ಬಾಯಿಪಾಠ ಮಾಡಿಕೊಂಡು ಬರುತ್ತಿರಲೇ ಇಲ್ಲ. ಅವರು ಸುಮ್ಮನೆ ಕೂತಿರುತ್ತಿದ್ದರು, ಮಾತು ತಾನಾಗಿ ಬಂದು ಕಿವಿಯಲ್ಲಿ ಬೀಳುತ್ತಿತ್ತು. ಅವರು ಏನೂ ಮಾಡದೆ ಜಾಣರು. ನಾನು ಅಷ್ಟು ಕಷ್ಟಪಟ್ಟು ಕಳ್ಳಿ. ಇದು ಮೋಸ.

ಯಂತ್ರ ಬಂತಲ್ಲ, ಖುಷಿಯಾ ಅಂತ ಎಲ್ಲರೂ ಕೇಳುತ್ತಾರೆ. ಇಲ್ಲ. ಕಾಗದಕ್ಕೂ ಸದ್ದಿದೆ ಅಂತ ಈಗ ಗೊತ್ತಾಯಿತು. ನನ್ನ ಲಂಗಕ್ಕೂ ಇದೆ. ಇಷ್ಟು ದಿನ ನನ್ನ ಲಂಗದ ಸದ್ದು ನನ್ನನ್ನು ಬಿಟ್ಟು ಊರಿಗೆಲ್ಲ ಕೇಳಿಸುತ್ತಿತ್ತು!

ನಾನು ಇಲ್ಲೇ ಓದುತ್ತೇನೆ. ಟೀಚರ್ ಬೋರ್ಡಿಗೆ ಮಾತಾಡಿದರೆ ಕೈ ಎತ್ತುತ್ತೇನೆ. ನಿನ್ನೆ ಮೂರು ಸಲ ಎತ್ತಿದೆ. ಅವರಿಗೆ ಬೇಜಾರಾದರೆ ಆಗಲಿ.

ಇನ್ನೊಂದು ಇದೆ. ಆಸ್ಪತ್ರೆಯ ಗಾಜಿನ ಕೋಣೆಯಲ್ಲಿ ನನ್ನ ಪರೀಕ್ಷೆ ಮುಗಿದ ಮೇಲೂ ಯಂತ್ರದ ಹತ್ತಿರ ಕೂತಿದ್ದಾಕೆ ಬಾಗಿಲು ತೆಗೆಯಲಿಲ್ಲ. ನೀನು ಹೊರಗೆ ಆಕೆಯ ಹತ್ತಿರ ಅಳುತ್ತ ಮಾತಾಡುತ್ತಿದ್ದೆ. ನನಗೆ ತಿಳಿಯುವುದಿಲ್ಲ ಅಂದುಕೊಂಡಿದ್ದೆ ಅಲ್ಲವಾ? ನೀನು ಅಳುವಾಗಲೂ ಶೆಡ್ಡಿನ ಬಾಯಲ್ಲೇ ಮಾತಾಡುತ್ತೀಯ. ಗಾಜಿನಲ್ಲಿ ಎಲ್ಲ ಕಾಣಿಸಿತು. "ದಿನಾ ದೀಪ ಆರಿಸಿ ಪಕ್ಕದಲ್ಲಿ ಮಲಗಿಸಿಕೊಂಡು ಕಥೆ ಹೇಳ್ತಿದ್ದೆ. ಒಂದು ದಿನವೂ ಹೂಂ ಅನ್ನಲಿಲ್ಲ. ಎಷ್ಟು ಬೇಗ ನಿದ್ದೆ ಹೋಗುತ್ತೆ ನನ್ನ ಮಗು ಅಂತ ಹೆಮ್ಮೆಪಡ್ತಿದ್ದೆ" ಅಂದೆ.

ನಾನು ನಿದ್ದೆ ಹೋಗುತ್ತಿರಲಿಲ್ಲ ಅಮ್ಮ. ಕಣ್ಣು ಬಿಟ್ಟುಕೊಂಡು ಮಲಗಿರುತ್ತಿದ್ದೆ. ದೀಪ ಆರಿದ ಮೇಲೆ ಲೋಕದಲ್ಲಿ ಯಾರೂ ಮಾತಾಡುವುದಿಲ್ಲ ಅಂದುಕೊಂಡಿದ್ದೆ. ನಿನ್ನ ಎದೆ ಗುಂಯ್ ಅನ್ನುತ್ತಿತ್ತು. ಮಲಗಿದರೆ ಎಲ್ಲರ ಅಮ್ಮಂದಿರ ಎದೆಯೂ ಹಾಗೆ ಅನ್ನುತ್ತದೆ ಅಂದುಕೊಂಡು ಅದರ ಮೇಲೆ ಕೈ ಇಟ್ಟುಕೊಳ್ಳುತ್ತಿದ್ದೆ.

ಆ ಕಥೆಗಳೆಲ್ಲ ನನ್ನವು. ನನಗೆ ಹೇಳಿದ್ದು, ನನಗೆ ಸಿಗಲೇ ಇಲ್ಲ. ಅವುಗಳನ್ನು ಬರೆದು ಕಳಿಸು. ಮೊದಲಿನಿಂದ ಬರಿ. ಮರೆತುಹೋಗಿದೆ ಅನ್ನಬೇಡ, ಅಪ್ಪನನ್ನು ಕೇಳು, ಅವರು ಆ ಪಕ್ಕದಲ್ಲಿ ಮಲಗಿ ಪುಕ್ಕಟೆ ಕೇಳಿಸಿಕೊಂಡಿದ್ದಾರೆ. ಒಂದೂ ಬಿಡಬೇಡ. ಎಲ್ಲ ಬಂದ ಮೇಲೆ ಸಿಟ್ಟು ಇಳಿಯುತ್ತದಾ ಅಂತ ನೋಡುತ್ತೇನೆ.

ಇತಿ,
ಲಾಳಿ